ಅಮ್ಮನ ರಂಗೋಲಿಯಲ್ಲಿ ಯಾರೂ ಔಟಿಲ್ಲ

ನನಗೊಂದು ಚಟವಿದೆ. ಗಾಬರಿಯಾಗಬೇಡಿ, ಹೆಂಡತಿಗೆ ಗೊತ್ತಿರುವ ಚಟವೇ. ಅಚ್ಚಾದ ಕಾಗದ ಯಾವುದನ್ನೂ ನಾನು ಬಿಸಾಡಲಾರೆ. ಬಸ್ ಟಿಕೆಟ್ಟು, ಮದುವೆಯ ಕರೆಯೋಲೆ, ಔಷಧಿ ಡಬ್ಬಿಯೊಳಗೆ ಮಡಿಸಿಟ್ಟಿರುವ ಸಣ್ಣಕ್ಷರದ ಚೀಟಿ, ಎಲ್ಲವೂ ಮೊದಲು ನನ್ನ ಜೇಬಿಗೆ, ಅಲ್ಲಿಂದ ಮೇಜಿನ ಖಾನೆಗೆ, ಅಲ್ಲಿಂದ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಗೆ ಬಡ್ತಿ ಪಡೆಯುತ್ತಾ ಹೋಗುತ್ತವೆ. ಆಫೀಸಿನಲ್ಲಿ ನನಗೆ ಸಿಗದ ಬಡ್ತಿಯನ್ನೆಲ್ಲ ನಾನು ಕಾಗದಗಳಿಗೆ ಕೊಡುತ್ತಿದ್ದೇನೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಸಾಕ್ಷ್ಯವಿಲ್ಲ.

ಮೊನ್ನೆ ಕನ್ನಡಕದ ಅಂಗಡಿಯ ಚೀಟಿ ಬೇಕಾಗಿ ಆ ಪೆಟ್ಟಿಗೆಯನ್ನು ಇಳಿಸಿದೆ. ಚೀಟಿ ಸಿಗಲಿಲ್ಲ, ಇರುವೆಗಳು ಸಿಕ್ಕವು. ತೀರ್ಥಯಾತ್ರೆಗೆ ಹೊರಟವರ ಹಾಗೆ ಸಾಲುಗಟ್ಟಿ ಒಂದು ಹಳದಿ ಬಣ್ಣದ ಮಡಿಕೆ ಕಾರ್ಡಿನೊಳಗೆ ನುಗ್ಗುತ್ತಿದ್ದವು. ಕಾರ್ಡನ್ನು ಬಿಡಿಸಿ ಮೆಲ್ಲಗೆ ತಟ್ಟಿದರೆ ಮಡಿಕೆಯ ಸಂದಿಯಿಂದ ಒಂದು ಚಿಟಿಕೆ ಬಿಳಿ ಪುಡಿ ಉದುರಿತು. ಅಕ್ಕಿಹಿಟ್ಟು. ಇಷ್ಟು ವರ್ಷದ ಮೇಲೂ ಅದರಲ್ಲಿ ಇರುವೆಗೆ ರುಚಿ ಉಳಿದಿದೆಯೆಂದರೆ ಅಮ್ಮ ಹಿಟ್ಟನ್ನು ಎಷ್ಟು ಚೆನ್ನಾಗಿ ಬೀಸುತ್ತಿದ್ದಿರಬೇಕು. ಅಮೆರಿಕದ ಹಳೇ ಕಾಲದ ಬೇಸ್‌ಬಾಲ್ ಸ್ಕೋರ್‌ಕಾರ್ಡುಗಳನ್ನು ಕೂಡಿಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರಂತೆ. ಅಕ್ಕಿಹಿಟ್ಟು ಉದುರುವ ಕಾರ್ಡು ಮಾತ್ರ ನನ್ನೊಬ್ಬನ ಬಳಿಯೇ ಇರುವುದು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ.

ಬೇಸ್‌ಬಾಲಿಗೂ ನಾವಿದ್ದ ಮದರಾಸಿನ ವೆಸ್ಟ್ ಮಾಂಬಲಂಗೂ ಏನಯ್ಯಾ ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಸಂಬಂಧ ಕ್ರಿಕೆಟ್ಟಿನಿಂದ ಶುರುವಾಯಿತು. ಆಗ ನನಗೆ ಇಪ್ಪತ್ತರ ಆಚೆ ಈಚೆ ವಯಸ್ಸು, ಪ್ಯಾರಿಸ್ ಕಾರ್ನರಿನ ಒಂದು ಆಫೀಸಿನಲ್ಲಿ ಗುಮಾಸ್ತೆ. ಜನವರಿಯಲ್ಲಿ ಪೊಂಗಲಿನ ಹೊತ್ತಿಗೆ ಊರಿಗೆ ಕ್ರಿಕೆಟ್ ಬರುತ್ತಿತ್ತು. ಬೇರೆಯವರು ಪಂದ್ಯ ನೋಡಲು ಹೋಗುತ್ತಿದ್ದರು, ನಾನು ಸ್ಕೋರ್‌ಕಾರ್ಡು ಕೊಳ್ಳಲು ಹೋಗುತ್ತಿದ್ದೆ. ಯಾವಾಗಲೂ ಎರಡು ಕೊಳ್ಳುವುದು, ಒಂದು ಬರೆಯುವುದಕ್ಕೆ, ಇನ್ನೊಂದು ಮಡಿಯಲ್ಲಿ ಹಾಗೇ ಇಡುವುದಕ್ಕೆ. ಬರೆಯುವ ಕಾರ್ಡಿನಲ್ಲಿ ಪ್ರತಿ ರನ್ನನ್ನೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ತಲೆ ಬಗ್ಗಿಸಿ ಕೂತಿರುತ್ತಿದ್ದುದರಿಂದ ಆ ಕಾಲದ ದೊಡ್ಡ ದೊಡ್ಡ ಆಟಗಾರರ ಆಟವನ್ನು ನಾನು ಕಂಡದ್ದು ಕಡಿಮೆ. ಇಡೀ ಕ್ರೀಡಾಂಗಣ ಎದ್ದು ನಿಂತು ಕೂಗಿದ ಒಂದು ಕ್ಯಾಚು ಹಿಡಿಯುವಾಗ ನಾನು ಬ್ಲೇಡಿನಿಂದ ಪೆನ್ಸಿಲು ಹೆರೆಯುತ್ತಿದ್ದೆ. ಆದರೂ ಆ ಕ್ಯಾಚು ಹಿಡಿದವನ ಹೆಸರಿನ ಕಾಗುಣಿತ ನನ್ನ ಕಾರ್ಡಿನಲ್ಲಿ ಸರಿಯಾಗಿದೆ.

ಭಾನುವಾರಗಳಲ್ಲಿ ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕದ ಸಾಲು ನನ್ನ ದೇವಸ್ಥಾನ. ಅಲ್ಲೊಬ್ಬ ಮುದುಕ ಅಂಗಡಿಕಾರನಿದ್ದ. ನಾನು ಕ್ರಿಕೆಟ್ ಕಾರ್ಡುಗಳ ಒಂದು ಕಟ್ಟನ್ನು ಚೌಕಾಸಿ ಮಾಡಿ ಗೆದ್ದ ಖುಷಿಯಲ್ಲಿ, ತರಕಾರಿಯವಳನ್ನು ಕರಿಬೇವು ಕೇಳುವ ಹಾಗೆ, ಮೇಲೊಂದಿಷ್ಟು ಕೊಸರು ಕೊಡಿ ಎಂದೆ. ಅವನು ಕೂತಿದ್ದ ಚಾಪೆಯ ಕೆಳಗೆ ಕೈಹಾಕಿ ಒಂದು ಮಡಿಕೆ ಕಾರ್ಡು ಎಳೆದು ಕೊಸರು ಹಾಕಿದ. ಅದೇ ಈ ಕಾರ್ಡು. ಮುಂದಿನ ಪುಟದಲ್ಲಿ ಹುರಿ ಮೀಸೆಯ ಆಟಗಾರನೊಬ್ಬ ಒನಕೆಯಂಥ ಬ್ಯಾಟು ಹಿಡಿದು ನಿಂತಿದ್ದ. ಹಿಂದೆ ಚುಟ್ಟದ ಜಾಹೀರಾತು, ಮೀಸೆಯ ಮೇಣದ ಜಾಹೀರಾತು. ಒಳಗೆ ಒಂದೊಂದು ಕಡೆಗೆ ಒಂಬತ್ತೇ ಹೆಸರು. ಪಾಪ, ಅವತ್ತು ಇಬ್ಬಿಬ್ಬರಿಗೆ ಜ್ವರ ಬಂದಿರಬೇಕು ಎಂದುಕೊಂಡೆ.

ಹೆಸರುಗಳ ಮುಂದೆ ಚೌಕಗಳ ಸಾಲು. ಪ್ರತಿ ಚೌಕದ ಒಳಗೂ ಓರೆಯಾಗಿ ನಿಲ್ಲಿಸಿದ ಇನ್ನೊಂದು ಪುಟ್ಟ ಚೌಕದ ಮಸುಕು ಗುರುತು, ಕಲ್ಲುಸಕ್ಕರೆಯ ಅಚ್ಚಿನ ಹಾಗೆ. ಅದರ ಮೇಲೆ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಕೆಲವು ಕಡೆ ಒಂದು ಮೂಲೆಯವರೆಗೆ, ಕೆಲವು ಕಡೆ ಎರಡು ಮೂಲೆ, ಅಪರೂಪಕ್ಕೆ ನಾಲ್ಕೂ ಮೂಲೆ ಸುತ್ತಿ. ಅಲ್ಲಲ್ಲಿ ಇಂಗ್ಲಿಷಿನ ಕೆ ಅಕ್ಷರ. ಅರ್ಥ ತಿಳಿಯದೆ ಮೌಂಟ್ ರೋಡಿನಲ್ಲಿದ್ದ ಅಮೆರಿಕದವರ ಲೈಬ್ರರಿಗೆ ಹೋದೆ. ಅಲ್ಲಿ ಪುಸ್ತಕವೂ ಇತ್ತು, ತಣ್ಣನೆಯ ಗಾಳಿಯೂ ಇತ್ತು, ಹಾಗಾಗಿ ಪುಸ್ತಕ ಅರ್ಧ ಓದುವಷ್ಟರಲ್ಲಿ ನಿದ್ದೆ ಬರುತ್ತಿತ್ತು. ಓದಿದ ಅರ್ಧದಿಂದ ತಿಳಿದದ್ದಿಷ್ಟು. ಇದು ಬೇಸ್‌ಬಾಲು. ಕಾಸು ತೆಗೆದುಕೊಂಡು ಆಡುವ ತಂಡಗಳು ಹುಟ್ಟಿದ ಹೊಸತರ ಕಾಲದ್ದು. ಇಂಥ ಕಾರ್ಡಿಗಾಗಿ ಅಲ್ಲಿಯ ಜನ ಪ್ರಾಣ ಬಿಡುತ್ತಾರೆ.

ಅಂದಿನಿಂದ ನನಗೆ ಬೇಸ್‌ಬಾಲಿನ ಹುಚ್ಚು ಹಿಡಿಯಿತು. ಆಫೀಸಿನಿಂದ ಹಾರ್ಬರ್ ಹತ್ತಿರವೇ ಇದ್ದದ್ದರಿಂದ ಅಮೆರಿಕದ ಹಡಗು ಬಂದಾಗಲೆಲ್ಲ ಗೇಟಿನ ಬಳಿ ನಿಂತು ನಾವಿಕರನ್ನು ಬೇಸ್‌ಬಾಲ್ ಪಂದ್ಯದ ಸ್ಕೋರ್‌ಕಾರ್ಡಿರುವ ಪ್ರೋಗ್ರಾಮು ಇದೆಯೇ ಎಂದು ಕೇಳುವುದು. ಅವರು ನನ್ನನ್ನು ಬೇರೆ ಏನನ್ನೋ ಮಾರುವವನು ಎಂದುಕೊಂಡು ಮೊದಲು ಬೈದು, ಆಮೇಲೆ ವಿಷಯ ತಿಳಿದು ನಕ್ಕು, ಕೊನೆಗೆ ಒಬ್ಬಿಬ್ಬರು ಸಾಮಾನಿನ ತಳದಿಂದ ಒಂದೆರಡು ತಂದುಕೊಟ್ಟರು. ಹೀಗೆ ನನ್ನದು ಮದರಾಸಿನಲ್ಲೇ ಅತಿ ದೊಡ್ಡ ಬೇಸ್‌ಬಾಲ್ ಸಂಗ್ರಹವಾಯಿತು. ಎರಡನೆಯ ಸಂಗ್ರಹ ಇರಲಿಲ್ಲವೆಂಬುದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಎಲ್ಲಕ್ಕಿಂತ ಹಳೆಯದು ಕೊಸರಿನ ಕಾರ್ಡೇ. ಅದನ್ನು ದಿನಾ ತೆಗೆದು ಮೂಸುತ್ತಿದ್ದೆನೇ ಹೊರತು ಆ ಪೆನ್ಸಿಲ್ ಗೆರೆಗಳನ್ನು ಓದಲು ಕಲಿತಿರಲಿಲ್ಲ. ಕಸ್ತೂರಿಯ ಮೂಟೆ ಹೊತ್ತ ಕತ್ತೆಯ ಕಥೆ ನಿಮಗೆ ಗೊತ್ತೇ ಇದೆ.

ಮನೆಯಲ್ಲಿ ಇದೆಲ್ಲಕ್ಕೂ ಒಂದೇ ಹೆಸರು, ಕುಪ್ಪೆ, ತಮಿಳಿನಲ್ಲಿ ಕಸ. ಅಮ್ಮ ನಂಜನಗೂಡಿನ ಕಡೆಯಿಂದ ಮದುವೆಯಾಗಿ ಬಂದವಳು. ಬಂದು ಮೂವತ್ತು ವರ್ಷವಾಗಿದ್ದರೂ ಅವಳ ಕನ್ನಡ ಕೆಟ್ಟಿರಲಿಲ್ಲ, ತಮಿಳು ಅದರ ಪಕ್ಕದಲ್ಲಿ ಬಂದು ಚಾಪೆ ಹಾಸಿಕೊಂಡಿತ್ತು ಅಷ್ಟೆ. ಪೊಂಗಲಿನ ಹಿಂದಿನ ದಿನ ಭೋಗಿ. ಅವತ್ತು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಎಲ್ಲರೂ ಮನೆಯ ಹಳೇ ಚಾಪೆ, ಪೊರಕೆ, ಹರುಕು ಮುರುಕು ತಂದು ಬಾಗಿಲ ಮುಂದೆ ಸುಡುತ್ತಾರೆ. ಪ್ರತಿ ವರ್ಷವೂ ಅಮ್ಮ ನನ್ನ ಪೆಟ್ಟಿಗೆಯ ಕಡೆ ಕಣ್ಣು ಹಾಕುವುದು, ನಾನು ಅದರ ಮೇಲೆ ಕೂತುಬಿಡುವುದು ನಡೆದುಬಂದ ಪದ್ಧತಿ. ಆ ವರ್ಷ ಮಾತ್ರ ಅಮ್ಮನ ದನಿ ಬೇರೆಯಾಗಿತ್ತು.

"ಈ ಭೋಗಿಗೆ ನಿನ್ನ ಕುಪ್ಪೆಯೆಲ್ಲಾ ಹೊರಗೆ ಹೋಗತ್ತೆ, ಈಗ್ಲೇ ಸೊಲ್ಲಿಬಿಟ್ಟಿದೀನಿ. ಮಗು ಬರೋ ಮನೆ ಕಣೋ. ತೊಟ್ಟಿಲು ಹಾಕಕ್ಕೆ ಎಡಂ ಬೇಡ್ವಾ?"

"ಪಾವಂ, ಬಿಟ್ಬಿಡಮ್ಮ," ಎಂದಳು ಮಂಚದ ಮೇಲಿಂದ ಶಾರದಕ್ಕ. "ಅವನಿಗೆ ಕಲ್ಯಾಣ ಆಗೋವರೆಗೂ ಆ ಪೆಟ್ಟಿಗೇನೇ ಸಂಸಾರ."

ಶಾರದಕ್ಕ ನನ್ನ ಒಬ್ಬಳೇ ಅಕ್ಕ, ಹೆರಿಗೆಗೆ ಬಂದಿದ್ದಳು. ಇದು ಎರಡನೆಯ ಸಲ. ಹಿಂದಿನ ವರ್ಷವೂ ಬಂದಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಆ ಮಗುವಿಗೆಂದು ಕಟ್ಟಿದ್ದ ತೊಟ್ಟಿಲನ್ನು ಅಮ್ಮ ಯಾರಿಗೂ ಹೇಳದೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದಳು. ಆಮೇಲೆ ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಈ ಸಲ ದಿನ ಹತ್ತಿರ ಬರುತ್ತಿದ್ದಂತೆ ಅಮ್ಮನ ನೇಮಗಳು ಹೆಚ್ಚಿದವು. ಹೊಸ್ತಿಲ ಮೇಲೆ ನಿಲ್ಲಬಾರದು, ಬೀಗವನ್ನು ಅರ್ಧ ಹಾಕಿ ಬಿಡಬಾರದು, ಕಟ್ಟುತ್ತಿದ್ದ ಹೂವನ್ನು ನಡುವೆ ಬಿಟ್ಟು ಏಳಬಾರದು. ಅಪ್ಪ ಒಂದು ದಿನ ಪತ್ರಿಕೆಯನ್ನು ಅರ್ಧ ಓದಿ ಮಡಚಿಟ್ಟಾಗ, ಉಳಿದದ್ದನ್ನೂ ಓದಿ ಎಂದು ಕೂರಿಸಿದಳು. ಅಪ್ಪ ಹರಾಜಿನ ಪ್ರಕಟಣೆಗಳವರೆಗೂ ಓದಿ ಎದ್ದರು.

ಈ ನಡುವೆ ಮಾರ್ಗಳಿ ಬಂತು. ನಾವು ಧನುರ್ಮಾಸ ಎನ್ನುತ್ತೇವೆ, ಬೀದಿ ಮಾರ್ಗಳಿ ಎನ್ನುತ್ತದೆ. ಹೆಸರು ಯಾವುದಾದರೂ ಚಳಿ ಒಂದೇ, ಹುಗ್ಗಿಯ ತುಪ್ಪ ಒಂದೇ. ತಿಂಗಳಿಡೀ ಬೆಳಕು ಹರಿಯುವಷ್ಟರಲ್ಲಿ ಮನೆಯ ಮುಂದೆ ಬೀದಿಯಗಲಕ್ಕೂ ರಂಗೋಲಿ ಬೀಳಬೇಕು, ನಡುವೆ ಸಗಣಿಯ ಉಂಡೆಯ ಮೇಲೆ ಕುಂಬಳದ ಹೂ ಕೂರಬೇಕು. ಒಂದು ದಿನದ ರಂಗೋಲಿ ಇನ್ನೊಂದು ದಿನ ಬಂದರೆ ಮಾನ ಹೋಯಿತು. ನಮ್ಮ ಎದುರು ಮನೆಯ ಅಲಮೇಲು ಮಾಮಿಗೆ ಚುಕ್ಕಿಗಳ ಸುತ್ತ ಹಾವಿನಂತೆ ಸುತ್ತುವ ಕೋಲಗಳು, ಅಂದರೆ ತಮಿಳರ ರಂಗೋಲಿಗಳು, ಸಾವಿರಾರು ಬರುತ್ತಿದ್ದವು. ಅಮ್ಮನ ನಂಜನಗೂಡಿನ ಸರಕು ತಿಂಗಳ ಅರ್ಧಕ್ಕೇ ಮುಗಿಯುತ್ತಿತ್ತು. ಆಮೇಲೆ ಅವಳು ತಾವರೆಗೆ ಒಂದು ದಳ ಹೆಚ್ಚಿಸಿಯೋ, ತೇರಿಗೆ ಒಂದು ಚಕ್ರ ಕಡಿಮೆ ಮಾಡಿಯೋ ಕಾಲ ತಳ್ಳುತ್ತಿದ್ದಳು. ಮಾಮಿ ಅದನ್ನು ನೋಡಿ ಏನೂ ಹೇಳುತ್ತಿರಲಿಲ್ಲ. ಆ ಹೇಳದಿರುವುದೇ ಅಮ್ಮನಿಗೆ ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಹೊರಗೆ ಬಂದರೆ ಅಲಮೇಲು ಮಾಮಿ ನಮ್ಮ ಬಾಗಿಲ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಎನ್ನ ಮಾಮಿ, ಪುದುಸಾ ಇರುಕ್ಕೇ," ಎಂದಳು ಅಮ್ಮನಿಗೆ. "ಎಂಗೇ ಕತ್ತುಂಡೇಳ್?"

"ಏನು ಹೊಸದಾಗಿದೆ, ಎಲ್ಲಿ ಕಲಿತೆ ಅಂತಾಳೆ," ಎಂದು ಅಮ್ಮ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. ಮುಖದಲ್ಲಿ ಗೆದ್ದ ಕಳೆ. "ಊರಿಂದ ಬಂತು ಅಂತ ಹೇಳಿದೀನಿ. ನೀನೇನೂ ಬಾಯಿ ಬಿಡಬೇಡ."

ನಾನು ನೆಲ ನೋಡಿದೆ. ನಡುವೆ ಕುಂಬಳದ ಹೂ. ಅದರ ಸುತ್ತ ಓರೆಯಾಗಿ ನಿಂತ ಚೌಕಗಳು, ಒಂದೊಂದರ ಮೂಲೆಯಲ್ಲೂ ಬೊಟ್ಟು, ಚೌಕಗಳ ನಡುವೆ ಬಳ್ಳಿಯಂತೆ ಕೆಲವು ಅಂಕಿಗಳು, ಮತ್ತು ಗಿಣಿ ಕಾಲು ಚಾಚಿ ಕೂತ ಹಾಗೆ ಒಂದು ಇಂಗ್ಲಿಷ್ ಕೆ. ಬಾಯಿಯೊಳಗಿನ ಹಲ್ಲುಪುಡಿಯನ್ನು ನುಂಗಿಬಿಟ್ಟೆ. ಭೋಗಿಗೆ ಸುಡುವುದಕ್ಕೆಂದು ಪೆಟ್ಟಿಗೆ ತೆಗೆದ ಅಮ್ಮನಿಗೆ ನನ್ನ ಕೊಸರಿನ ಕಾರ್ಡು ಸಿಕ್ಕಿತ್ತು. ಯಾರೋ ಮೇಡಮ್ಮ ಬರೆದಿಟ್ಟ ರಂಗೋಲಿ ಮಾದರಿ ಎಂದು ಅವಳು ತಿಳಿದಿದ್ದಳು. ನಿಲುವು ಸಾಲು ಒಂದೊಂದನ್ನು ಒಂದೊಂದು ದಿನಕ್ಕೆ ಎಂದು ಲೆಕ್ಕ ಹಾಕಿ, ಕಾರ್ಡನ್ನು ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬಿಯೊಳಗೆ ಇಟ್ಟುಕೊಂಡಿದ್ದಳು. ನಾನು ಅದನ್ನು ವಾಪಸು ಕೇಳಿದೆ. ಮಾರ್ಗಳಿ ಮುಗಿಯಲಿ ಎಂದಳು. ಪೆಟ್ಟಿಗೆಯನ್ನು ಸುಡುವುದಿಲ್ಲ ತಾನೆ ಎಂದೆ. ಅದನ್ನೂ ಮಾರ್ಗಳಿ ಮುಗಿದ ಮೇಲೆ ನೋಡೋಣ ಎಂದಳು.

ಎರಡು ದಿನ ಕಳೆದಿರಬೇಕು. ನಮ್ಮ ಬೀದಿ ಬೆಳಿಗ್ಗೆ ವಡಪಳನಿಯ ಸಿನಿಮಾ ಸ್ಟುಡಿಯೋಗಳಿಗೆ ಹೋಗುವವರ ದಾರಿ. ಬಣ್ಣ ಹಚ್ಚಿಕೊಂಡೇ ಮನೆ ಬಿಟ್ಟ ಒಬ್ಬ ಯಮಧರ್ಮ ಸೈಕಲ್ಲಿನಲ್ಲಿ ಹೋಗುವುದನ್ನು ಕಂಡೂ ನಮ್ಮ ಬೀದಿಯ ನಾಯಿ ಬೊಗಳುತ್ತಿರಲಿಲ್ಲ. ಅಂಥ ನಾಯಿ ಅವತ್ತು ಬೊಗಳಿತು. ಹೊರಗೆ ನೋಡಿದರೆ ಆರಡಿ ಎತ್ತರದ ಬಿಳಿಯನೊಬ್ಬ ಸೈಕಲನ್ನು ನೆಲಕ್ಕೆ ಹಾಕಿ, ಮೊಣಕಾಲಿನ ಮೇಲೆ ಕೈಯೂರಿ, ನಮ್ಮ ರಂಗೋಲಿಯನ್ನು ಓದುತ್ತಿದ್ದ. ನೋಡುತ್ತಿರಲಿಲ್ಲ, ಓದುತ್ತಿದ್ದ. ತುಟಿಗಳು ಅಲುಗಾಡುತ್ತಿದ್ದವು.

ಅವನು ಮಿಸ್ಟರ್ ಬೆನ್ಸನ್. ಸೈದಾಪೇಟೆಯ ಕಡೆಯ ಒಂದು ಕಾಲೇಜಿನಲ್ಲಿ ಹುಡುಗರಿಗೆ ಓಡುವುದು, ಹಾರುವುದು ಕಲಿಸಲು ಅಮೆರಿಕದಿಂದ ಬಂದಿದ್ದ. ಕಲಿಸುವವನಿಗೂ ಕಲಿಯುವವರಿಗೂ ಬಿಸಿಲು ತಡೆಯದೆ ಎಲ್ಲವನ್ನೂ ಬೆಳಿಗ್ಗೆಯೇ ಮುಗಿಸುತ್ತಿದ್ದರಂತೆ. ಇದನ್ನು ಬರೆದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ. ನನ್ನ ತಾಯಿ ಎಂದೆ. ನಿನ್ನ ತಾಯಿಗೆ ಬೇಸ್‌ಬಾಲು ಬರುತ್ತದೆಯೇ ಎಂದ. ಇಲ್ಲ, ನನ್ನ ಬಳಿ ಹಳೇ ಕಾಲದ ಒಂದು ಕಾರ್ಡಿದೆ, ಅದನ್ನು ನೋಡಿ ಹಾಕುತ್ತಾಳೆ ಎಂದೆ. ಅವನು ನನ್ನ ಭುಜ ಹಿಡಿದುಕೊಂಡ. ಈ ಇನ್ನಿಂಗ್ಸಿನಲ್ಲಿ ಬಂದ ಒಬ್ಬೊಬ್ಬನೂ ಸುತ್ತು ಮುಗಿಸಿ ಬಂದಿದ್ದಾನೆ, ಇಗೋ ಈ ಕೆ ಅಂದರೆ ಮೂರು ಸಲ ಬೀಸಿ ಮೂರು ಸಲವೂ ತಪ್ಪಿ ಔಟಾದವನು, ಇವನೂ ಸುತ್ತು ಮುಗಿಸಿದ್ದಾನಲ್ಲ, ಇದು ಹೇಗೆ ಸಾಧ್ಯ ಎಂದು ಕೇಳಿದ. ನನಗೆ ಆಟವೇ ಗೊತ್ತಿರಲಿಲ್ಲ. ಆದರೂ ಸಂಗ್ರಾಹಕನ ಗಾಂಭೀರ್ಯದಿಂದ, ಆ ಕಾಲದ ನಿಯಮಗಳೇ ಬೇರೆ ಇದ್ದಿರಬೇಕು ಎಂದೆ. ಅವನು ಅದನ್ನು ನಂಬಿದ. ತಿಂಗಳುಗಟ್ಟಲೆ ತನ್ನ ಆಟದ ಮಾತೇ ಕೇಳದವನು ಏನನ್ನಾದರೂ ನಂಬುತ್ತಾನೆ.

ಆಮೇಲೆ ಬೆನ್ಸನ್ ದಿನಾ ಬಂದ. ಬೆಳಕು ಹರಿಯುವ ಹೊತ್ತಿಗೆ ಅವನ ಸೈಕಲ್ ಗಂಟೆ ಕೇಳಿಸುತ್ತಿತ್ತು. ನಮ್ಮ ಜಗಲಿಯ ಮೇಲೆ ಕೂತು ಬಾಳೆಲೆಯ ತುಂಡಿನಲ್ಲಿ ಹುಗ್ಗಿ ತಿನ್ನುತ್ತಾ, ಅಂದಿನ ಇನ್ನಿಂಗ್ಸನ್ನು ದೊಡ್ಡದಾಗಿ ವಿವರಿಸುತ್ತಿದ್ದ. ಕಿಟಕಿಯ ಹಿಂದೆ ಶಾರದಕ್ಕ, ಎದುರಿಗೆ ಅಲಮೇಲು ಮಾಮಿ, ಹಾಲಿನವನು, ಒಂದೊಂದು ದಿನ ಯಮಧರ್ಮ ಕೂಡ. ನಾನು ತಮಿಳಿಗೂ ಕನ್ನಡಕ್ಕೂ ಅನುವಾದಕ. ದೊಣ್ಣೆಯಿಂದ ಚೆಂಡು ಹೊಡೆದು ಒಂದನೇ ಮೂಲೆಗೆ ಓಡಬೇಕು, ಅಲ್ಲಿಂದ ಎರಡಕ್ಕೆ, ಮೂರಕ್ಕೆ, ಹೊರಟ ಜಾಗಕ್ಕೆ ತಿರುಗಿ ಬಂದರೆ ಒಂದು ಅಂಕ, ಆ ಜಾಗಕ್ಕೆ ಅವರು ಮನೆ ಎನ್ನುತ್ತಾರೆ ಎಂದು ಹೇಳಿದಾಗ ಅಮ್ಮ ತಲೆಯಾಡಿಸಿದಳು.

"ಇದು ನಮ್ಮ ಚೌಕಾಬಾರ ತಾನೆ. ಕವಡೆ ಬದಲು ದೊಣ್ಣೆ. ಸುತ್ತಿ ಬಂದು ಕಾಯಿ ಹಣ್ಣಾಗೋದು. ಇದಕ್ಕೆ ಅಮೆರಿಕಾದಿಂದ ಬರಬೇಕಿತ್ತಾ?"

ದಿನದಿಂದ ದಿನಕ್ಕೆ ಅಂಕಗಳು ಏರಿದವು. ಎರಡೂ ಕಡೆಯ ಆಟಗಾರರು ಒಬ್ಬರೂ ತಪ್ಪದೆ ಮನೆಗೆ ಬರುತ್ತಿದ್ದರು. ಬೆನ್ಸನ್ನನ ಕಣ್ಣು ಅರಳುತ್ತಲೇ ಹೋಯಿತು. ಒಂದು ದಿನ ಅವನು, ತನ್ನ ಊರಿನ ಪತ್ರಿಕೆಯೊಂದಕ್ಕೆ ಈ ಪಂದ್ಯದ ಬಗ್ಗೆ ಬರೆಯುತ್ತೇನೆ, ಇತಿಹಾಸವನ್ನೇ ತಿದ್ದಬೇಕಾಗುತ್ತದೆ, ಒಮ್ಮೆ ಆ ಕಾರ್ಡನ್ನು ಕಣ್ಣಾರೆ ತೋರಿಸು ಎಂದ. ನನ್ನ ಸಂಗ್ರಹ ಅಮೆರಿಕದಲ್ಲಿ ಅಚ್ಚಾಗುತ್ತದೆಂದು ನನಗೆ ರೆಕ್ಕೆ ಬಂದವು. ಅಮ್ಮ ಸ್ನಾನಕ್ಕೆ ಹೋದಾಗ ಹಿಟ್ಟಿನ ಡಬ್ಬಿಯಿಂದ ಕಾರ್ಡನ್ನು ತೆಗೆದು, ಜೀವನದಲ್ಲಿ ಮೊದಲ ಸಲ ಆ ಪೆನ್ಸಿಲ್ ಗೆರೆಗಳನ್ನು ಸರಿಯಾಗಿ ಓದಿದೆ. ಓದಿ ಅಲ್ಲೇ ಒರಳಿನ ಮೇಲೆ ಕೂತೆ. ಕಾರ್ಡಿನಲ್ಲಿ ಮುಕ್ಕಾಲು ಪಾಲು ಜನ ಮೊದಲ ಮೂಲೆಯನ್ನೇ ಮುಟ್ಟಿರಲಿಲ್ಲ. ಮುಟ್ಟಿದವರಲ್ಲಿ ಹೆಚ್ಚಿನವರು ಎರಡನೆಯ ಮೂಲೆಯಲ್ಲಿ, ಮೂರನೆಯ ಮೂಲೆಯಲ್ಲಿ ನಿಂತಲ್ಲೇ ನಿಂತಿದ್ದರು. ಸುತ್ತು ಮುಗಿಸಿದವರು ಬೆರಳೆಣಿಕೆಯವರು. ಉಳಿದವರನ್ನೆಲ್ಲ ಮನೆಗೆ ತಂದವಳು ಅಮ್ಮ.

"ಅಮ್ಮ, ಇದರಲ್ಲಿ ಗೆರೆ ಇಲ್ಲಿಗೇ ನಿಂತಿದೆ. ನೀನ್ಯಾಕೆ ಸುತ್ತ ಎಳೆದೆ?" ಎಂದು ಕೇಳಿದೆ.

"ಅವನ್ಯಾರೋ ಸೋಂಬೇರಿ, ಅರ್ಧಕ್ಕೆ ಬಿಟ್ಟಿದಾನೆ. ಅದಕ್ಕೇ ನಾನು ಸೇರಿಸ್ದೆ."

"ಸೋಂಬೇರಿ ಅಲ್ಲಮ್ಮ. ಆ ಆಟಗಾರ ಅಲ್ಲಿಗೇ ನಿಂತ. ಅಲ್ಲಿ ಔಟು. ಇರೋದನ್ನ ಇದ್ದ ಹಾಗೇ ಹಾಕು. ಒಬ್ಬರು ಮನೆವರೆಗೂ ಬಂದು ಓದ್ತಿದಾರೆ, ಮಾನ ಹೋಗತ್ತೆ."

ಅಮ್ಮ ಒದ್ದೆ ತಲೆಗೆ ಬಟ್ಟೆ ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು. ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಗೆರೆ ತೆರೆದಿಟ್ರೆ ಅದು ರಂಗೋಲಿ ಅಲ್ಲ ಕಣೋ. ಅದರ ಮೇಲೆ ಒಳಗೆ ದಿನ ತುಂಬಿದ ಹುಡುಗಿ ಮಲಗಿದಾಳೆ. ಹೋದ ಸಲದ್ದು ನಿಂಗೆ ಮರೆತಿರಬಹುದು, ನಂಗೆ ಮರೆತಿಲ್ಲ. ಅಮೆರಿಕಾದಲ್ಲಿ ಏನಾದ್ರೂ ಮಾಡ್ಕೊಳ್ಳಲಿ. ನಮ್ಮ ಬಾಗಿಲ ಮುಂದೆ ನಾನು ಯಾರನ್ನೂ ಅರ್ಧ ದಾರೀಲಿ ನಿಲ್ಲಿಸಲ್ಲ."

ಇಷ್ಟು ದಿನ ಅಮ್ಮ ಮಾಮಿಯ ಜೊತೆ ಪೈಪೋಟಿಗೆ ರಂಗೋಲಿ ಹಾಕುತ್ತಿದ್ದಾಳೆಂದು ನಾನು ತಮಾಷೆ ನೋಡುತ್ತಿದ್ದೆ. ಅವಳು ಒಂದೊಂದು ಬೆಳಿಗ್ಗೆಯೂ ಸೊಂಟ ಬಗ್ಗಿಸಿ ಒಬ್ಬೊಬ್ಬನನ್ನು ಮನೆ ಮುಟ್ಟಿಸುತ್ತಿದ್ದುದು ಯಾರಿಗಾಗಿ ಎಂದು ನನಗೆ ಹೊಳೆದಿರಲಿಲ್ಲ. ಕಾರ್ಡನ್ನು ಡಬ್ಬಿಯೊಳಗೆ ಹಿಟ್ಟಿನ ಮೇಲೆ ಮತ್ತೆ ಇಡಲು ಹೊರಟವನು, ಬೆನ್ಸನ್ನನಿಗೆ ನಿಜ ಹೇಳದೆ ವಿಧಿಯಿಲ್ಲವಲ್ಲ ಎಂದು ನೆನಪಾಗಿ ಜಗಲಿಗೆ ತಂದೆ.

ಬೆನ್ಸನ್ ಕಾರ್ಡನ್ನು ಎರಡು ಕೈಯಲ್ಲಿ ಪ್ರಸಾದದ ಹಾಗೆ ಹಿಡಿದುಕೊಂಡ. ನೋಡಿದ, ನೆಲದ ರಂಗೋಲಿ ನೋಡಿದ, ಮತ್ತೆ ಕಾರ್ಡು ನೋಡಿದ. ಆಮೇಲೆ ನಗಲು ಶುರುಮಾಡಿದ. ಹುಗ್ಗಿಯ ಮೆಣಸು ನೆತ್ತಿಗೇರಿ ಅಪ್ಪ ಬಂದು ಬೆನ್ನು ತಟ್ಟಬೇಕಾಯಿತು. ಪತ್ರಿಕೆಗೆ ಬರೆಯುವುದು ಅಲ್ಲಿಗೆ ನಿಂತಿತು, ನನ್ನ ರೆಕ್ಕೆಗಳೂ ಉದುರಿದವು. ಕಾರ್ಡಿನ ಕೊನೆಯ ಚೌಕವನ್ನು ಅವನು ನನಗೆ ಬೆರಳಿಟ್ಟು ತೋರಿಸಿದ. ಊರಿನ ತಂಡ ಒಂದು ಅಂಕ ಹಿಂದೆ. ಕಡೇ ಇನ್ನಿಂಗ್ಸು. ಒಬ್ಬ ಮೂರನೆಯ ಮೂಲೆಯವರೆಗೆ ಬಂದು ನಿಂತಿದ್ದಾನೆ, ಮನೆ ಎದುರಿಗೇ ಇದೆ, ಅವನ ನಂತರ ಆಡಲು ಬಂದವನು ಔಟಾದ. ಆಟ ಮುಗಿಯಿತು, ಸೋತರು. ಅಮ್ಮ ಯಾಕೆ ಹೀಗೆ ಹಾಕುತ್ತಾಳೆ ಎಂದು ಅವನು ಕೇಳಿದ. ಒಳಗಿನ ಕೋಣೆಯನ್ನು ತೋರಿಸಿ, ಹಿಂದಿನ ವರ್ಷದ್ದನ್ನೂ ಹೇಳಿದೆ. ಅವನು ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮರುದಿನದಿಂದ ಅಮ್ಮನ ರಂಗೋಲಿಯನ್ನು ಇನ್ನೂ ದೊಡ್ಡ ದನಿಯಲ್ಲಿ ಓದತೊಡಗಿದ.

ಕಾರ್ಡಿನ ಕೊನೆಯ ಸಾಲು ಭೋಗಿಯ ದಿನಕ್ಕೆ ಬಂತು. ಹಿಂದಿನ ಸಂಜೆಯೇ ಶಾರದಕ್ಕನಿಗೆ ನೋವು ಶುರುವಾಗಿ ಸೂಲಗಿತ್ತಿ ನರ್ಸಮ್ಮ ಬಂದಿದ್ದಳು. ಬೆಳಗಿನ ಜಾವಕ್ಕೆ ಬೀದಿಯಲ್ಲಿ ಹುಡುಗರ ಭೋಗಿ ತಮಟೆಗಳು ಎದ್ದವು, ಅಲ್ಲಲ್ಲಿ ಬೆಂಕಿ ಹತ್ತಿತು. ಅಪ್ಪ ಗಡಿಯಾರ ಹಿಡಿದುಕೊಂಡು ಜಗಲಿಯ ಈ ಕೊನೆಯಿಂದ ಆ ಕೊನೆಗೆ ನಡೆದರು, ಅದು ನಿಂತುಹೋಗಿದ್ದ ಗಡಿಯಾರ. ನಾನು ನೀರು ಕಾಯಿಸುತ್ತೇನೆಂದು ಹೋಗಿ ಒಲೆ ಆರಿಸಿ ಬೈಸಿಕೊಂಡು ಬಂದೆ. ಅಷ್ಟರಲ್ಲಿ ಅಮ್ಮ ಒಳಗಿನಿಂದ ಹಿಟ್ಟಿನ ಬಟ್ಟಲು ಹಿಡಿದು ಬಂದಳು. ಅಲಮೇಲು ಮಾಮಿ ಬೀದಿ ದಾಟಿ ಓಡಿಬಂದು, ನೀವು ಒಳಗೆ ಹೋಗಿ, ನಾನು ಹಾಕುತ್ತೇನೆ ಎಂದಳು.

"ವೇಂಡಾಂ ಮಾಮಿ," ಎಂದಳು ಅಮ್ಮ. "ಇವತ್ತಿಂದು ನಾನೇ ಹಾಕಬೇಕು."

ಮಾಮಿ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು ಪಕ್ಕದಲ್ಲಿ ಹಿಡಿದು ನಿಂತಳು. ಅಮ್ಮ ಚಿಟಿಕೆ ಚಿಟಿಕೆಯಾಗಿ ತೆಗೆದು ಹಾಕುತ್ತಾ ಹೋದಳು. ಬೆನ್ಸನ್ ಯಾವಾಗ ಬಂದನೋ ತಿಳಿಯಲಿಲ್ಲ, ಗಂಟೆ ಬಾರಿಸಿರಲಿಲ್ಲ. ಕೊನೆಯ ಚೌಕ. ಒಂದನೇ ಮೂಲೆ, ಎರಡನೇ ಮೂಲೆ, ಮೂರನೇ ಮೂಲೆ. ಅಲ್ಲಿಗೆ ಬಂದಾಗ ಒಳಗಿನಿಂದ ಶಾರದಕ್ಕನ ಒಂದು ಕೂಗು ಕೇಳಿಸಿತು. ಅಮ್ಮನ ಕೈ ಗಾಳಿಯಲ್ಲಿ ನಿಂತಿತು. ಬೆನ್ಸನ್ ಗೋಡೆಗೆ ಆತುಕೊಂಡು ಮುಷ್ಟಿ ಬಿಗಿಹಿಡಿದಿದ್ದ. ಅಮ್ಮ ಕಣ್ಣು ಒರೆಸಿಕೊಂಡಳು, ಕೆನ್ನೆಗೆ ಹಿಟ್ಟು ಮೆತ್ತಿತು. ಮೂರನೇ ಮೂಲೆಯಿಂದ ಗೆರೆಯನ್ನು ಒಂದೇ ಎಳೆತಕ್ಕೆ ತಂದು ಹೊರಟ ಜಾಗಕ್ಕೆ ಸೇರಿಸಿ, ಅಲ್ಲಿ ಕುಂಬಳದ ಹೂ ಇಟ್ಟು, ಎದ್ದು ಒಳಗೆ ಓಡಿದಳು.

ಬೆನ್ಸನ್ ರಂಗೋಲಿಯನ್ನು ನೋಡಿದ. ಪ್ಯಾಂಟನ್ನು ಸ್ವಲ್ಪ ಮೇಲೆಳೆದುಕೊಂಡು ಅದರ ಸುತ್ತ ಓಡಲು ಶುರುಮಾಡಿದ. ಗೆರೆ ತುಳಿಯದಂತೆ ಕಾಲೆತ್ತಿ, ನಾಲ್ಕು ಮೂಲೆಯಲ್ಲೂ ಬಗ್ಗಿ ನೆಲ ಮುಟ್ಟಿ. ತಮಟೆಯ ಹುಡುಗರು ಅವನ ಹಿಂದೆ ಬಿದ್ದರು. ಎನ್ನ ಭಕ್ತಿ, ಎಂಥ ಭಕ್ತಿ ಎಂದು ಮಾಮಿ ಅವನ ಪ್ರದಕ್ಷಿಣೆಗೆ ಕೈ ಮುಗಿದಳು. ನನಗೆ ಏನು ಮಾಡಬೇಕೆಂದು ತಿಳಿಯದೆ ನಾನೂ ಓಡಿದೆ, ನನ್ನ ಹಿಂದೆ ನಾಯಿ ಓಡಿತು. ನಾವು ಯಾವ ತಂಡದವರು, ಯಾರನ್ನು ಗೆದ್ದೆವು ಎಂದು ಕೇಳುವವರಿರಲಿಲ್ಲ. ಅಪ್ಪ ಹಳೇ ಚಾಪೆಯನ್ನೂ ಪೊರಕೆಯನ್ನೂ ಬೆಂಕಿಗೆ ಹಾಕಿ, ಆ ಗಲಾಟೆಯಲ್ಲಿ ತಮ್ಮ ಹೊಸ ಕೊಡೆಯನ್ನೂ ಹಾಕಿದರು. ನನ್ನ ಪೆಟ್ಟಿಗೆ ಯಾರಿಗೂ ನೆನಪಾಗಲಿಲ್ಲ.

ಓಟದ ನಡುವೆ ಒಳಗಿನಿಂದ ಮಗುವಿನ ಅಳು ಕೇಳಿಸಿತು. ಎಲ್ಲರೂ ನಿಂತಲ್ಲೇ ನಿಂತೆವು. ಅಮ್ಮ ಬಾಗಿಲಿಗೆ ಬಂದಳು. ಕೆನ್ನೆಯ ಮೇಲೆ ಹಿಟ್ಟು ಹಾಗೇ ಇತ್ತು. "ಹೆಣ್ಣು," ಎಂದಳು. "ಇಬ್ಬರೂ ಚೆನ್ನಾಗಿದಾರೆ."

ಬೆನ್ಸನ್ ಏದುಸಿರು ಬಿಡುತ್ತಾ ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ, ಅಂಗೈ ನೆಲಕ್ಕೆ ಮಾಡಿ, ರಂಗೋಲಿಯ ಅಂಚಿನಲ್ಲಿ ನಿಂತ.

"ಏನಂತೆ ಅವರು?" ಎಂದಳು ಅಮ್ಮ.

"ಅವರ ಅಂಪೈರು ಹಾಗೆ ತೋರಿಸ್ತಾನಮ್ಮ," ಎಂದೆ. "ಮನೆ ಮುಟ್ಟಿದಳು ಅಂತ."

"ಅದನ್ನ ಆಗ್ಲೇ ಹಾಕಿದೀನಲ್ಲೋ," ಎಂದು ಅಮ್ಮ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಅಟ್ಟದಿಂದ ತೊಟ್ಟಿಲು ಇಳಿಸು ಬಾ ಎಂದು ನನ್ನನ್ನು ಕರೆದಳು.